ಪೆಟ್ರೋಲ್ ದರ್ಜೆ ಮತ್ತು ಕಾರಿನ ಮೈಲೇಜ್

ಬಂಕುಗಳಲ್ಲಿ ಸಾದಾ, 95, 100 ಎಂದು ಬೇರೆ ಬೇರೆ ದರ್ಜೆಯ ಪೆಟ್ರೋಲ್ ಮಾರಾಟವಾಗುತ್ತದೆ. ದರ್ಜೆ ಏರಿದಂತೆ ಬೆಲೆಯೂ ಏರುತ್ತದೆ. ಬೆಲೆ ಹೆಚ್ಚಿದ ಮೇಲೆ ಮೈಲೇಜೂ ಹೆಚ್ಚಲೇಬೇಕು ಎಂಬ ನಂಬಿಕೆ ಕಾರು ಇಟ್ಟುಕೊಂಡವರಲ್ಲಿ ವ್ಯಾಪಕವಾಗಿದೆ. ಬಹುಪಾಲು ಕಾರುಗಳ ವಿಷಯದಲ್ಲಿ ಇದು ತಪ್ಪು. ದರ್ಜೆಯನ್ನು ಸೂಚಿಸುವ ಅಂಕಿಗೆ ಆಕ್ಟೇನ್ ಸಂಖ್ಯೆ ಎಂದು ಹೆಸರು. ಇಂಧನ ಎಷ್ಟು ಬಿಸಿ ಮತ್ತು ಒತ್ತಡವನ್ನು ತಾಳಿಕೊಂಡು ತಾನಾಗಿ ಹೊತ್ತಿಕೊಳ್ಳದೆ ಇರಬಲ್ಲದು ಎಂಬುದನ್ನಷ್ಟೇ ಅದು ಹೇಳುತ್ತದೆ. ಒಂದು ಲೀಟರಿನಲ್ಲಿ ಎಷ್ಟು ಶಕ್ತಿ ಅಡಗಿದೆ ಎಂಬುದು ಬೇರೆಯೇ ಲೆಕ್ಕ. ಭಾರತದಲ್ಲಿ ಎಥನಾಲ್ ಬೆರಕೆ ಹೆಚ್ಚಿದ ಮೇಲಂತೂ ಈ ಎರಡು ಲೆಕ್ಕಗಳು ವಿರುದ್ಧ ದಿಕ್ಕಿಗೆ ಹೊರಟಿವೆ: ಪೆಟ್ರೋಲಿನ ಆಕ್ಟೇನ್ ಏರಿದೆ, ಲೀಟರಿನಲ್ಲಿರುವ ಶಕ್ತಿ ಇಳಿದಿದೆ.

ನಾಕಿಂಗ್ ಮತ್ತು ಆಕ್ಟೇನ್

ಇಂಜಿನ್ನಿನ ಸಿಲಿಂಡರಿನೊಳಗೆ ಪೆಟ್ರೋಲ್ ಆವಿ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಅದುಮುತ್ತದೆ. ಅದುಮಿದಷ್ಟೂ ಮಿಶ್ರಣ ಬಿಸಿಯಾಗುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದಾಗ ಜ್ವಾಲೆ ಪ್ಲಗ್ಗಿನ ಬುಡದಿಂದ ಹೊರಟು ಸಿಲಿಂಡರಿನ ಅಂಚಿನವರೆಗೆ ಕ್ರಮವಾಗಿ ಹಬ್ಬಬೇಕು. ಜ್ವಾಲೆ ಮುಟ್ಟುವ ಮೊದಲೇ ಅಂಚಿನಲ್ಲಿ ಉಳಿದ ಮಿಶ್ರಣ ಒತ್ತಡ ತಾಳಲಾರದೆ ಒಮ್ಮೆಗೇ ಹೊತ್ತಿಕೊಂಡರೆ ಸಿಲಿಂಡರಿನಲ್ಲಿ ಒತ್ತಡದ ಅಲೆಗಳು ಏಳುತ್ತವೆ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದಕ್ಕೇ. ಹಳೆಯ ಕಾರ್ಬ್ಯುರೇಟರ್ ಕಾರಿನಲ್ಲಿ ಚಾರ್ಮಾಡಿ ಘಾಟಿಯನ್ನೋ ಆಗುಂಬೆಯನ್ನೋ ಹತ್ತಿದವರಿಗೆ ಈ ಸದ್ದಿನ ಪರಿಚಯ ಇದ್ದೇ ಇರುತ್ತದೆ. ತಿರುವಿನಲ್ಲಿ ವೇಗ ಇಳಿದಿರುತ್ತದೆ, ಗೇರು ಇಳಿಸಿರುವುದಿಲ್ಲ, ಆಕ್ಸಿಲರೇಟರ್ ಮಾತ್ರ ಪೂರ್ತಿ ಒತ್ತಿರುತ್ತದೆ. ಆಗ ಬಾನೆಟ್ಟಿನ ಅಡಿಯಿಂದ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಸದ್ದು ಬರುತ್ತದೆ. ಗೇರು ಇಳಿಸಿದರೆ ನಿಲ್ಲುತ್ತದೆ. ನಿಲ್ಲಿಸದೆ ಹಾಗೆಯೇ ಓಡಿಸಿದರೆ ಪಿಸ್ಟನ್ ಮತ್ತು ಹೆಡ್ ಗ್ಯಾಸ್ಕೆಟ್ ಹಾಳಾಗುತ್ತವೆ.

ಇಂಧನದ ತಾಳಿಕೆಯನ್ನು ಅಳೆಯುವ ಮಾನದಂಡವನ್ನು 1926ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಗ್ರಹಾಂ ಎಡ್ಗರ್ ಸೂಚಿಸಿದರು. ಸುಲಭಕ್ಕೆ ನಾಕ್ ಆಗದ ಐಸೊ ಆಕ್ಟೇನ್ ಎಂಬ ಹೈಡ್ರೊಕಾರ್ಬನ್‌ಗೆ 100, ತೀರಾ ಬೇಗ ನಾಕ್ ಆಗುವ ಹೆಪ್ಟೇನ್‌ಗೆ 0 ಎಂದು ಇಟ್ಟುಕೊಳ್ಳಲಾಯಿತು. 91 ಭಾಗ ಐಸೊ ಆಕ್ಟೇನ್ ಮತ್ತು 9 ಭಾಗ ಹೆಪ್ಟೇನ್ ಬೆರೆಸಿದ ದ್ರವ ಯಾವ ಹಂತದಲ್ಲಿ ನಾಕ್ ಆಗುತ್ತದೆಯೋ ಅದೇ ಹಂತದಲ್ಲಿ ನಾಕ್ ಆಗುವ ಪೆಟ್ರೋಲಿನ ಆಕ್ಟೇನ್ 91. ಪರೀಕ್ಷೆಗೆಂದೇ ಒಂದೇ ಸಿಲಿಂಡರಿನ, ಓಡುತ್ತಿರುವಾಗಲೇ ಕಂಪ್ರೆಷನ್ ಹೆಚ್ಚು ಕಡಿಮೆ ಮಾಡಬಹುದಾದ ಇಂಜಿನ್ ಇದೆ. ಅದನ್ನು ನಿಮಿಷಕ್ಕೆ 600 ಸುತ್ತಿನಲ್ಲಿ ಓಡಿಸಿ ಪಡೆದ ಅಂಕಿ ರಿಸರ್ಚ್ ಆಕ್ಟೇನ್ ಸಂಖ್ಯೆ ಅಥವಾ ಆರ್‌ಒಎನ್. 900 ಸುತ್ತಿನಲ್ಲಿ, ಮಿಶ್ರಣವನ್ನು ಮೊದಲೇ ಚೆನ್ನಾಗಿ ಕಾಯಿಸಿ ಪಡೆದದ್ದು ಮೋಟಾರ್ ಆಕ್ಟೇನ್ ಸಂಖ್ಯೆ ಅಥವಾ ಎಂಒಎನ್. ಎರಡನೆಯದು ಕಠಿಣ ಪರೀಕ್ಷೆಯಾದ್ದರಿಂದ ಅಂಕಿ ಕಡಿಮೆ ಬರುತ್ತದೆ. ಭಾರತ ಮತ್ತು ಯುರೋಪಿನ ಬಂಕುಗಳಲ್ಲಿ ಆರ್‌ಒಎನ್ ಬಳಕೆಯಲ್ಲಿದೆ. ಅಮೆರಿಕದಲ್ಲಿ ಎರಡರ ಸರಾಸರಿಯನ್ನು ಬರೆಯುತ್ತಾರೆ. ಆದ್ದರಿಂದ ಅಲ್ಲಿ ನೆಲೆಸಿದ ಕನ್ನಡಿಗರು ಪಂಪಿನ ಮೇಲೆ ನೋಡುವ 87, ಹೆಚ್ಚುಕಡಿಮೆ ನಮ್ಮ ಊರಿನ 91ಕ್ಕೆ ಸಮ. ಅಲ್ಲಿಯ ಪೆಟ್ರೋಲ್ ಕಳಪೆ ಎಂದುಕೊಳ್ಳಬೇಕಾಗಿಲ್ಲ.

ಮಿಶ್ರಣವನ್ನು ಹೆಚ್ಚು ಅದುಮಿ ಉರಿಸಿದರೆ ಅಷ್ಟೇ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ. ಇದು ಉಷ್ಣಶಾಸ್ತ್ರದ ನಿಯಮ. ಹೆಚ್ಚು ಅದುಮಬೇಕಾದರೆ ನಾಕ್ ಆಗದ ಇಂಧನ ಬೇಕು. ಆಕ್ಟೇನ್‌ಗೂ ಮೈಲೇಜಿಗೂ ನಿಜವಾದ ನಂಟು ಇರುವುದು ಇಲ್ಲಿ. ಆದರೆ ಈ ಲಾಭ ಒದಗುವುದು ಇಂಜಿನ್ ವಿನ್ಯಾಸ ಮಾಡುವವರ ಮೇಜಿನ ಮೇಲೆ. ಕಾರು ಕಾರ್ಖಾನೆಯಿಂದ ಹೊರಬಂದ ಮೇಲೆ ಅದರ ಕಂಪ್ರೆಷನ್ ಅನುಪಾತ ಬದಲಾಗುವುದಿಲ್ಲ. 91ಕ್ಕೆ ಎಂದು ಮಾಡಿದ ಇಂಜಿನ್ನಿಗೆ 100 ಹಾಕಿದರೂ ಅದು ತನ್ನ ಅಳತೆಯಷ್ಟೇ ಅದುಮುತ್ತದೆ.

ಸೀಸದ ಅಧ್ಯಾಯ

ಆಕ್ಟೇನ್ ಏರಿಸುವ ಹಂಬಲ ಒಂದು ದೊಡ್ಡ ಅನಾಹುತಕ್ಕೂ ಕಾರಣವಾಯಿತು. 1921ರ ಡಿಸೆಂಬರಿನಲ್ಲಿ ಜನರಲ್ ಮೋಟರ್ಸ್‌ನ ಥಾಮಸ್ ಮಿಜ್ಲೆ ಅವರು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಚೂರು ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆ ಎಂದು ಕಂಡುಕೊಂಡರು. 1923ರಲ್ಲಿ ಒಹಾಯೊದ ಡೇಟನ್ ನಗರದಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟ ಶುರುವಾಯಿತು. ಮರುವರ್ಷವೇ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಈ ಸಂಯುಕ್ತ ತಯಾರಿಸುತ್ತಿದ್ದ ಐವರು ಕೆಲಸಗಾರರು ವಿಷವೇರಿ ಸತ್ತರು. ಎಥನಾಲ್ ಬೆರೆಸಿದರೂ ಆಕ್ಟೇನ್ ಏರುತ್ತದೆ ಎಂಬುದು ಆಗಲೇ ತಿಳಿದಿತ್ತು. ಆದರೂ ಅಗ್ಗವೆಂದು ಸೀಸವನ್ನೇ ಆರಿಸಿಕೊಂಡು ದಶಕಗಳ ಕಾಲ ಜಗತ್ತಿನ ಮಕ್ಕಳ ರಕ್ತಕ್ಕೆ ಅದನ್ನು ಸೇರಿಸಲಾಯಿತು. ಕೈಗಾರಿಕೆಯ ಇತಿಹಾಸದಲ್ಲಿ ಕ್ಷಮೆಗೆ ಅರ್ಹವಲ್ಲದ ನಿರ್ಧಾರಗಳ ಸಾಲಿನಲ್ಲಿ ಇದೂ ಒಂದು.

ಭಾರತದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲ್ ಬಂತು. 1999ರ ಫೆಬ್ರುವರಿಯಲ್ಲಿ ಸೀಸದ ವಿಷ ತಡೆಯುವ ಬಗ್ಗೆ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದ ಫೆಬ್ರುವರಿ 1ರಿಂದ ದೇಶದಲ್ಲೆಲ್ಲ ಸೀಸದ ಪೆಟ್ರೋಲ್ ನಿಂತಿತು. ಜಗತ್ತಿನಲ್ಲಿ ಕೊನೆಯದಾಗಿ ಅದನ್ನು ಬಿಟ್ಟ ದೇಶ ಅಲ್ಜೀರಿಯ, 2021ರಲ್ಲಿ.

ಭಾರತದ ಬಂಕುಗಳಲ್ಲಿ ಸಿಗುವ ದರ್ಜೆಗಳು

2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಿಎಸ್-6 ಪೆಟ್ರೋಲ್ ಜಾರಿಯಲ್ಲಿದೆ. ಇದರಲ್ಲಿ ಗಂಧಕದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 10ನ್ನು ಮೀರುವಂತಿಲ್ಲ. ಬಿಎಸ್-4ರಲ್ಲಿ 50ರವರೆಗೆ ಇರಬಹುದಿತ್ತು. ಬಿಎಸ್-6 ಜಾರಿಗೆ ಬಂದಾಗ ಸಾದಾ ಪೆಟ್ರೋಲಿನ ಆಕ್ಟೇನ್ ಕನಿಷ್ಠ 91, ಪ್ರೀಮಿಯಂ ದರ್ಜೆಯದು ಕನಿಷ್ಠ 95 ಇರಬೇಕೆಂಬ ನಿಯಮವಿತ್ತು. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95, ಹಿಂದುಸ್ತಾನ್ ಪೆಟ್ರೋಲಿಯಂನ ಪವರ್95 ಇಂಥವು. 2020ರ ಡಿಸೆಂಬರ್ 1ರಂದು ಇಂಡಿಯನ್ ಆಯಿಲ್ 100 ಆಕ್ಟೇನ್‌ನ ಎಕ್ಸ್‌ಪಿ100 ಅನ್ನು ಹತ್ತು ನಗರಗಳಲ್ಲಿ ಬಿಡುಗಡೆ ಮಾಡಿತು. ಮಥುರಾ ಸಂಸ್ಕರಣಾಗಾರದಲ್ಲಿ ತಯಾರಾದ ಅದರ ಬೆಲೆ ಆಗ ಸಾದಾ ಪೆಟ್ರೋಲಿನ ಸುಮಾರು ಎರಡು ಪಟ್ಟು ಇತ್ತು.

ಬೆಲೆಯ ವ್ಯತ್ಯಾಸಕ್ಕೆ ಮುಖ್ಯ ಕಾರಣ ಸಂಸ್ಕರಣೆ. ಕಚ್ಚಾ ತೈಲವನ್ನು ಬಟ್ಟಿ ಇಳಿಸಿದಾಗ ನೇರವಾಗಿ ಸಿಗುವ ನಾಫ್ತಾದ ಆಕ್ಟೇನ್ ತೀರಾ ಕಡಿಮೆ. ಅದನ್ನು ಹಾಗೆಯೇ ಕಾರಿಗೆ ಹಾಕುವಂತಿಲ್ಲ. ಮಂಗಳೂರಿನ ಎಂಆರ್‌ಪಿಎಲ್‌ನಂಥ ಸಂಸ್ಕರಣಾಗಾರಗಳಲ್ಲಿ ವೇಗವರ್ಧಕಗಳ ಮೇಲೆ, ಭಾರಿ ಬಿಸಿಯಲ್ಲಿ ಅದರ ಅಣುಗಳ ರಚನೆಯನ್ನೇ ಮಾರ್ಪಡಿಸುತ್ತಾರೆ. ಮೇಲಿನ ಒಂದೊಂದು ಅಂಕಿಯನ್ನೂ ಗಳಿಸಲು ಹೆಚ್ಚು ಇಂಧನ, ಹೆಚ್ಚು ಖರ್ಚು ಬೇಕು. ಇದರ ಜೊತೆಗೆ ಪ್ರೀಮಿಯಂ ಪೆಟ್ರೋಲಿಗೆ ಇಂಜೆಕ್ಟರ್ ಮತ್ತು ವಾಲ್ವುಗಳಲ್ಲಿ ಕಿಟ್ಟ ಕಟ್ಟದಂತೆ ತಡೆಯುವ ರಾಸಾಯನಿಕಗಳನ್ನೂ ಬೆರೆಸುತ್ತಾರೆ. ಇವುಗಳಿಂದ ಪ್ರಯೋಜನ ಉಂಟು, ಅಲ್ಲಗಳೆಯಲಾಗದು. ಆದರೆ ಅದು ಇಂಜಿನ್ನನ್ನು ಶುಚಿಯಾಗಿಡುವ ಪ್ರಯೋಜನ, ಆಕ್ಟೇನ್‌ನದಲ್ಲ.

ಯಾವ ಕಾರಿಗೆ ಯಾವುದು

ಇದಕ್ಕೆ ಉತ್ತರ ಕಾರಿನಲ್ಲೇ ಇರುತ್ತದೆ. ಪೆಟ್ರೋಲ್ ಹಾಕಿಸುವ ಮುಚ್ಚಳದ ಒಳಬದಿಯಲ್ಲಿ ಅಥವಾ ಕಾರಿನ ಜೊತೆ ಕೊಡುವ ಮಾಲೀಕರ ಕೈಪಿಡಿಯಲ್ಲಿ ಕನಿಷ್ಠ ಆಕ್ಟೇನ್ ಎಷ್ಟಿರಬೇಕು, ಎಷ್ಟು ಎಥನಾಲ್ ಆಗಬಹುದು ಎಂಬುದನ್ನು ತಯಾರಕರು ಮುದ್ರಿಸಿರುತ್ತಾರೆ. ಅಲ್ಲಿ 91 ಎಂದಿದ್ದರೆ ಸಾದಾ ಪೆಟ್ರೋಲ್ ಸಾಕು. 95 ಬೇಕೇ ಬೇಕು ಎಂದಿದ್ದರೆ 95 ಹಾಕಿಸಬೇಕು. ‘95 ಉತ್ತಮ, 91 ಆಗಬಹುದು’ ಎಂಬ ಮೂರನೆಯ ಬಗೆಯೂ ಇದೆ. ಟರ್ಬೊ ಇಂಜಿನ್ನಿನ ಕಾರುಗಳಲ್ಲಿ ಇದು ಹೆಚ್ಚು.

ಮೂರನೆಯ ಬಗೆ ಸಾಧ್ಯವಾದದ್ದು ನಾಕ್ ಸೆನ್ಸರ್‌ನಿಂದ. ಸಿಲಿಂಡರ್ ಬ್ಲಾಕಿಗೆ ಬಿಗಿದ ಈ ಪುಟ್ಟ ಉಪಕರಣ ನಾಕಿಂಗಿನ ಕಂಪನವನ್ನು ಕಿವಿಗೆ ಕೇಳುವ ಮೊದಲೇ ಗುರುತಿಸುತ್ತದೆ. ಕೂಡಲೇ ಇಂಜಿನ್ನಿನ ಕಂಪ್ಯೂಟರ್ ಕಿಡಿ ಹಾರುವ ಕ್ಷಣವನ್ನು ಸ್ವಲ್ಪ ಮುಂದಕ್ಕೆ ಹಾಕುತ್ತದೆ. ನಾಕಿಂಗ್ ನಿಲ್ಲುತ್ತದೆ, ಇಂಜಿನ್ ಉಳಿಯುತ್ತದೆ. ಅದಕ್ಕೆ ಪ್ರತಿಯಾಗಿ ಸ್ವಲ್ಪ ಶಕ್ತಿ, ಸ್ವಲ್ಪ ಮೈಲೇಜ್ ಕಳೆಯುತ್ತದೆ. ಇಂಥ ಕಾರಿಗೆ ಮೇಲಿನ ದರ್ಜೆ ಹಾಕಿದಾಗ ಕಳೆದದ್ದು ವಾಪಸು ಸಿಗುತ್ತದೆ. ಅಮೆರಿಕದ ವಾಹನ ಸವಾರರ ಸಂಸ್ಥೆ ಎಎಎ 2016ರಲ್ಲಿ ಸಾದಾ ಪೆಟ್ರೋಲಿನ ಕಾರುಗಳಿಗೆ ಪ್ರೀಮಿಯಂ ಹಾಕಿ ಪರೀಕ್ಷಿಸಿದಾಗ ಶಕ್ತಿಯಲ್ಲಾಗಲಿ ಮೈಲೇಜಿನಲ್ಲಾಗಲಿ ಗಮನಿಸುವಂಥ ಲಾಭ ಕಾಣಲಿಲ್ಲ. ಬೇಡದ ಕಾರಿಗೆ ಪ್ರೀಮಿಯಂ ಹಾಕಿಸಿ ಅಮೆರಿಕನ್ನರು ವರ್ಷಕ್ಕೆ 210 ಕೋಟಿ ಡಾಲರಿಗೂ ಹೆಚ್ಚು ಹಣ ಪೋಲು ಮಾಡುತ್ತಿದ್ದಾರೆ ಎಂದು ಅದು ಅಂದಾಜಿಸಿತು. ಮರುವರ್ಷ ಪ್ರೀಮಿಯಂ ‘ಉತ್ತಮ’ ಎಂದು ತಯಾರಕರೇ ಹೇಳಿದ ಕಾರುಗಳನ್ನು ಪರೀಕ್ಷಿಸಿದಾಗ ಮೈಲೇಜ್ ಸರಾಸರಿ 2.7% ಏರಿತು.

ಈ ಅಂಕಿಯನ್ನು ಬೆಲೆಯೊಂದಿಗೆ ಇಟ್ಟು ನೋಡಬೇಕು. ಸಾದಾ ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಪ್ರೀಮಿಯಂ 107 ರೂಪಾಯಿ ಎಂದಿಟ್ಟುಕೊಳ್ಳೋಣ. ಲೀಟರಿಗೆ 18 ಕಿ.ಮೀ. ಓಡುವ ಕಾರು ಪ್ರೀಮಿಯಂನಲ್ಲಿ 19.26 ಕಿ.ಮೀ. ಓಡಿದರೆ ಮಾತ್ರ ಹಣಕ್ಕೆ ಹಣ ಸಮ. ಅದಕ್ಕಿಂತ ಕಡಿಮೆ ಓಡಿದರೆ ನಷ್ಟ. ಟರ್ಬೊ ಕಾರಿನಲ್ಲಿ ಭಾರ ತುಂಬಿಕೊಂಡು ಘಾಟಿ ಹತ್ತುವವರು ಇಂಜಿನ್ನಿನ ಸರಾಗ ಓಟಕ್ಕಾಗಿ 95 ಹಾಕಿಸುವುದಾದರೆ ಅದಕ್ಕೆ ಅರ್ಥವಿದೆ. ಉಳಿತಾಯವೆಂಬ ಲೆಕ್ಕದಲ್ಲಿ ಹಾಕಿಸುವುದಕ್ಕಿಲ್ಲ.

ಎಥನಾಲ್ ಬೆರೆತ ಪೆಟ್ರೋಲ್

ಇಂದು ಭಾರತದಲ್ಲಿ ಮೈಲೇಜಿನ ಚರ್ಚೆಯೆಲ್ಲ ಇ20 ಸುತ್ತ ನಡೆಯುತ್ತಿದೆ. ಇ20 ಎಂದರೆ 20% ಎಥನಾಲ್, 80% ಪೆಟ್ರೋಲ್. ಆಲೋಚನೆ ಹಳೆಯದು, ಪೆಟ್ರೋಲಿಗೆ ಮದ್ಯಸಾರ ಬೆರೆಸುವುದಕ್ಕೆಂದು 1948ರಲ್ಲೇ ಭಾರತದಲ್ಲಿ ಕಾಯ್ದೆ ಬಂದಿತ್ತು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ರ ಹೊತ್ತಿಗೆ 20% ಗುರಿ ಇಟ್ಟಿತು. ಆಮೇಲೆ ಅದನ್ನು 2025-26ಕ್ಕೆ ಹಿಂದಕ್ಕೆ ತರಲಾಯಿತು. 2022ರ ಜೂನ್‌ನಲ್ಲಿ ದೇಶ ಸರಾಸರಿ 10% ಮುಟ್ಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಪ್ರಧಾನಿ ನರೇಂದ್ರ ಮೋದಿ ಇ20 ಮಾರಾಟಕ್ಕೆ ಚಾಲನೆ ಕೊಟ್ಟರು. 2025ರಲ್ಲಿ ಗುರಿ ತಲುಪಿತು. ಕಬ್ಬು ಬೆಳೆಯುವ ರಾಜ್ಯಗಳಲ್ಲಿ ಮೂರನೆಯದಾದ ಕರ್ನಾಟಕಕ್ಕೆ ಇದರಲ್ಲಿ ನೇರ ಪಾಲಿದೆ. ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳ ಕಾಕಂಬಿ ಮತ್ತು ಕಬ್ಬಿನ ಹಾಲಿನಿಂದ ತೆಗೆದ ಎಥನಾಲ್ ತೈಲ ಕಂಪನಿಗಳ ಡಿಪೋಗಳಿಗೆ ಹೋಗುತ್ತದೆ. ಮೆಕ್ಕೆಜೋಳ ಮತ್ತು ಅಕ್ಕಿಯಿಂದಲೂ ಎಥನಾಲ್ ತಯಾರಾಗುತ್ತಿದೆ.

ಎಥನಾಲ್‌ನ ಆಕ್ಟೇನ್ ಸುಮಾರು 108. ಸಿಲಿಂಡರಿಗೆ ಹೋಗುವಾಗ ಆವಿಯಾಗುತ್ತ ಅದು ಮಿಶ್ರಣವನ್ನು ತಂಪು ಮಾಡುತ್ತದೆ, ನಾಕಿಂಗ್ ಇನ್ನಷ್ಟು ದೂರವಾಗುತ್ತದೆ. ಆದರೆ ಅದರ ಅಣುವಿನಲ್ಲಿ ಆಮ್ಲಜನಕ ಮೊದಲೇ ಸೇರಿಕೊಂಡಿರುವುದರಿಂದ ಉರಿದಾಗ ಸಿಗುವ ಶಾಖ ಕಡಿಮೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಒಂದು ಲೀಟರ್ ಎಥನಾಲ್‌ನಲ್ಲಿ 21 ಮಾತ್ರ. ಗುಣಿಸಿ ಕೂಡಿಸಿದರೆ ಇ20ಯ ಲೀಟರಿನಲ್ಲಿ 29.8 ಮೆಗಾಜೂಲ್ ಬರುತ್ತದೆ. ಅಂದರೆ ಶುದ್ಧ ಪೆಟ್ರೋಲಿಗಿಂತ ಸುಮಾರು 7% ಕಡಿಮೆ. ದೇಶ ಅದಾಗಲೇ ಇ10 ಬಳಸುತ್ತಿತ್ತಾದ್ದರಿಂದ ಇ10ರಿಂದ ಇ20ಕ್ಕೆ ಬಂದಾಗ ಆಗುವ ಇಳಿಕೆ ಇದರ ಅರ್ಧದಷ್ಟು. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ವರದಿ ಕೂಡ ಹತ್ತಿರದ ಅಂಕಿಗಳನ್ನೇ ಕೊಟ್ಟಿದೆ: ಎಥನಾಲ್ ಇಲ್ಲದ ಪೆಟ್ರೋಲಿಗೆಂದು ಮಾಡಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ 6ರಿಂದ 7% ಇಳಿಯಬಹುದು, ಇ10ಕ್ಕೆಂದು ಮಾಡಿ ಇ20ಕ್ಕೆ ಹೊಂದಿಸಿದ ಕಾರುಗಳಲ್ಲಿ 1ರಿಂದ 2% ಮಾತ್ರ. ಮೈಲೇಜ್ ಅರ್ಧಕ್ಕರ್ಧ ಕುಸಿಯಿತು ಎಂಬ ದೂರಿಗೆ ಆಧಾರವಿಲ್ಲ. ಏನೂ ಇಳಿಯುವುದಿಲ್ಲ ಎಂಬ ಭರವಸೆಯೂ ಸುಳ್ಳು.

ಹಳೆಯ ಕಾರುಗಳಿಗೆ ಇರುವ ತೊಂದರೆ ಬೇರೆ ತೆರನದು. ಎಥನಾಲ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಗಡುಸು ಮಾಡುತ್ತದೆ. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿಗೆ ನೀರು ಸೇರಿದರೆ ಎಥನಾಲ್ ನೀರಿನ ಜೊತೆ ಕೂಡಿ ತಳಕ್ಕೆ ಇಳಿಯುತ್ತದೆ, ಪೆಟ್ರೋಲ್ ಮೇಲೆ ಉಳಿಯುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಾರನ್ನು ಬಹುಕಾಲ ನಿಲ್ಲಿಸಿಡುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಹೊಸ ಕಾರುಗಳಲ್ಲಿ ಪೈಪು, ಗ್ಯಾಸ್ಕೆಟ್‌ಗಳನ್ನು ಇ20ಕ್ಕೆ ತಕ್ಕಂತೆ ಬದಲಿಸಲಾಗಿದೆ. ಟ್ಯಾಂಕಿನ ಮುಚ್ಚಳದಲ್ಲಿ ಇ20 ಎಂಬ ಚೀಟಿ ಇರುತ್ತದೆ. ಹಳೆಯ ಕಾರಿನವರಿಗಾಗಿ ಎಥನಾಲ್ ಇಲ್ಲದ ಪೆಟ್ರೋಲನ್ನೂ ಬಂಕುಗಳಲ್ಲಿ ಇಡಬೇಕೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು. ಕಾನೂನಿನ ಮಾತು ಏನೇ ಇರಲಿ, ಲೀಟರಿನಲ್ಲಿ ಶಕ್ತಿ ಕಡಿಮೆಯಾದಾಗ ಬೆಲೆಯಲ್ಲೂ ಅಷ್ಟು ಕಡಿಮೆಯಾಗಬೇಕೆಂಬ ಗ್ರಾಹಕರ ಬೇಡಿಕೆ ನ್ಯಾಯವಾದದ್ದು.

ಕಂಪನಿ ಹೇಳುವ ಮೈಲೇಜ್

ಜಾಹೀರಾತಿನಲ್ಲಿ ಕಾಣುವ ಅಂಕಿ ರಸ್ತೆಯಲ್ಲಿ ಬಂದದ್ದಲ್ಲ. ಪುಣೆಯ ಎಆರ್‌ಎಐಯಂಥ ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಕಾರು ನಿಲ್ಲಿಸಿ, ನಿಗದಿಪಡಿಸಿದ ಕ್ರಮದಲ್ಲಿ ವೇಗ ಏರಿಸಿ ಇಳಿಸಿ ಪಡೆದದ್ದು. ಈ ಪರೀಕ್ಷೆಯಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ಎ.ಸಿ. ಬಂದ್. ಬೆಂಗಳೂರಿನ ಸಿಲ್ಕ್ ಬೋರ್ಡಿನ ಸಂಜೆಯ ದಟ್ಟಣೆಯಾಗಲಿ ಹಂಪುಗಳಾಗಲಿ ಅದರಲ್ಲಿಲ್ಲ. ಹಾಗಾಗಿ ಕಾರಿನಿಂದ ಕಾರಿಗೆ ಹೋಲಿಸಲು ಆ ಅಂಕಿ ಉಪಯೋಗಕ್ಕೆ ಬರುತ್ತದೆ. ತಿಂಗಳ ಖರ್ಚು ಲೆಕ್ಕ ಹಾಕಲು ಬರುವುದಿಲ್ಲ. ಬಿಡದಿಯಲ್ಲಿ ತಯಾರಾಗುವ ಟೊಯೋಟ ಹೈರೈಡರ್ ಹೈಬ್ರಿಡ್‌ಗೆ ಲೀಟರಿಗೆ 27.97 ಕಿ.ಮೀ. ಎಂದು ಘೋಷಿಸಲಾಗಿದೆ. ನಿಂತು ಹೊರಡುವ ಊರಿನ ಓಟದಲ್ಲಿ ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಳ್ಳುವುದೇ ಇಂಥ ಕಾರುಗಳ ಗುಟ್ಟು.

ಕಿ.ಮೀ. ಲೆಕ್ಕದಲ್ಲಿ ಮೋಸ ಹೋಗುವುದೂ ಸುಲಭ. ಲೀಟರಿಗೆ 10 ಕೊಡುವ ಕಾರು ಬಿಟ್ಟು 12 ಕೊಡುವುದಕ್ಕೆ ಬದಲಾಯಿಸಿದರೆ 1,000 ಕಿ.ಮೀ.ಗೆ 16.7 ಲೀಟರ್ ಉಳಿಯುತ್ತದೆ. 20 ಕೊಡುವುದರಿಂದ 25ಕ್ಕೆ ಹೋದರೆ ಉಳಿಯುವುದು 10 ಲೀಟರ್. ಕಣ್ಣಿಗೆ ಎರಡನೆಯದು ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಈ ಭ್ರಮೆಯ ಬಗ್ಗೆ ಬರೆದರು. 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ಕೇಳುವ ಯುರೋಪಿನ ಪದ್ಧತಿಯಲ್ಲಿ ಈ ಗೊಂದಲ ಇಲ್ಲ. ಭಾರತದ ಕಾರು ತಯಾರಕರಿಗೆ 2017ರಿಂದ ಜಾರಿಯಾದ ಇಂಧನ ದಕ್ಷತೆಯ ನಿಯಮವೂ ಇದೇ ಬಗೆಯಲ್ಲಿದೆ: ಮಾರಿದ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಕಿ.ಮೀ.ಗೆ 130 ಗ್ರಾಂ ಮೀರಬಾರದು ಎಂದಿದ್ದ ಮಿತಿ 2022ರಿಂದ 113ಕ್ಕೆ ಇಳಿಯಿತು.

ಮೈಲೇಜ್ ಎಲ್ಲಿ ಸೋರಿಹೋಗುತ್ತದೆ

ಹೆದ್ದಾರಿಯಲ್ಲಿ ಕಾರಿನ ದೊಡ್ಡ ಶತ್ರು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 80ರಲ್ಲಿ ಹೋಗುವುದಕ್ಕೂ 100ರಲ್ಲಿ ಹೋಗುವುದಕ್ಕೂ ಗಾಳಿಯ ತಡೆಯಲ್ಲಿ 56% ವ್ಯತ್ಯಾಸ ಇದೆ. ಕಾರಿನ ಮೇಲೆ ಲಗೇಜು ಕ್ಯಾರಿಯರ್ ಇದ್ದರೆ ಇನ್ನೂ ಹೆಚ್ಚು. ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಗಂಟೆಗೆ 45ರಿಂದ 55 ಕಿ.ಮೀ. ವೇಗ ಮಿತವ್ಯಯದ್ದೆಂದು ಬಹುಕಾಲದಿಂದ ಹೇಳುತ್ತ ಬಂದಿದೆ. ಹೆದ್ದಾರಿಯಲ್ಲಿ ಅಷ್ಟು ನಿಧಾನ ಹೋಗುವುದು ಕಷ್ಟ, ಆದರೆ 100ನ್ನು 80ಕ್ಕೆ ಇಳಿಸುವುದರಿಂದ ಸಿಗುವ ಉಳಿತಾಯವನ್ನು ಯಾವ ಪ್ರೀಮಿಯಂ ಪೆಟ್ರೋಲೂ ಕೊಡಲಾರದು. ಊರೊಳಗೆ ಗಾಳಿಗಿಂತ ಬ್ರೇಕೇ ಹೆಚ್ಚು ಪೆಟ್ರೋಲ್ ನುಂಗುತ್ತದೆ. ಕೆಂಪು ದೀಪ ಕಂಡೂ ಆಕ್ಸಿಲರೇಟರ್ ಒತ್ತಿ, ಹತ್ತಿರ ಬಂದು ಬ್ರೇಕ್ ಹಾಕಿದರೆ ಆ ಓಟಕ್ಕೆ ಸುಟ್ಟ ಪೆಟ್ರೋಲೆಲ್ಲ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಟಯರಿಗೆ ಗಾಳಿ ಕಡಿಮೆಯಿದ್ದರೂ ನಷ್ಟವೇ. ಹದಿನೈದು ದಿನಕ್ಕೊಮ್ಮೆ ಗಾಳಿ ಹೊಡೆಸುವುದು ಎಲ್ಲರ ಕೈಗೆಟುಕುವ ಉಪಾಯ.

ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ಗೇರನ್ನು ನ್ಯೂಟ್ರಲ್‌ಗೆ ಹಾಕುವ ಅಭ್ಯಾಸ ಇನ್ನೂ ಹಲವರಲ್ಲಿದೆ. ಕಾರ್ಬ್ಯುರೇಟರ್ ಕಾಲದ ಈ ರೂಢಿ ಇಂದಿನ ಇಂಜೆಕ್ಷನ್ ಕಾರಿನಲ್ಲಿ ತಿರುಗುಬಾಣ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ, ಕಂಪ್ಯೂಟರ್ ಇಂಜೆಕ್ಟರುಗಳನ್ನು ಮುಚ್ಚುತ್ತದೆ, ಹನಿ ಪೆಟ್ರೋಲೂ ಖರ್ಚಾಗುವುದಿಲ್ಲ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ಆರದಂತೆ ಪೆಟ್ರೋಲ್ ಬಿಡಲೇಬೇಕಾಗುತ್ತದೆ. ಮೇಲಾಗಿ ಇಳಿಜಾರಿನ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಶಿರಾಡಿಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ಹೀಗೆ ಇಳಿಯುವುದು ಜೀವಕ್ಕೆ ಅಪಾಯ.

ಅಳತೆ ಮತ್ತು ಬಂಕಿನಲ್ಲಿ ಗ್ರಾಹಕರ ಹಕ್ಕು

ಕಾರಿನ ನಿಜವಾದ ಮೈಲೇಜ್ ತಿಳಿಯಲು ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ ಹಾಕಬೇಕು. ಪಂಪು ತಾನಾಗಿ ನಿಲ್ಲುವವರೆಗೆ ಫುಲ್ ಟ್ಯಾಂಕ್ ಹಾಕಿಸಿ ಓಡೋಮೀಟರ್ ಬರೆದುಕೊಳ್ಳುವುದು. ಕೆಲವು ನೂರು ಕಿ.ಮೀ. ಓಡಿಸಿದ ಮೇಲೆ ಅದೇ ಬಂಕಿನಲ್ಲಿ ಮತ್ತೆ ಹಾಗೆಯೇ ತುಂಬಿಸಿ, ಓಡಿದ ಕಿ.ಮೀ.ಯನ್ನು ಈಗ ಹಿಡಿಸಿದ ಲೀಟರಿನಿಂದ ಭಾಗಿಸುವುದು. ಒಂದು ಸಲದ ಲೆಕ್ಕ ನಂಬುವಂತಿಲ್ಲ, ನಾಲ್ಕೈದು ಸಲದ ಸರಾಸರಿ ಬೇಕು. ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಅಂಕಿ ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ.

ಮೈಲೇಜ್ ಏಕಾಏಕಿ ಬಿದ್ದರೆ ಕಾರಿನ ಜೊತೆಗೆ ಬಂಕನ್ನೂ ಪರೀಕ್ಷಿಸಬಹುದು. ಪ್ರತಿ ಬಂಕಿನಲ್ಲೂ 5 ಲೀಟರಿನ ಮುದ್ರೆಯೊತ್ತಿದ ಅಳತೆಪಾತ್ರೆ, ಸಾಂದ್ರತೆ ನೋಡುವ ಹೈಡ್ರೋಮೀಟರ್, ಫಿಲ್ಟರ್ ಪೇಪರ್ ಇರಲೇಬೇಕು. ಪಾತ್ರೆಗೆ 5 ಲೀಟರ್ ಹಿಡಿಸಿದಾಗ 25 ಮಿಲಿ ಲೀಟರಿಗಿಂತ ಹೆಚ್ಚು ಕೊರತೆ ಇರಬಾರದು. ಸಾಂದ್ರತೆ ಆ ದಿನ ಬಂಕಿನವರು ಬರೆದಿಟ್ಟ ಅಂಕಿಗಿಂತ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ಆಚೀಚೆ ಆಗಬಾರದು. ಫಿಲ್ಟರ್ ಪೇಪರ್ ಪರೀಕ್ಷೆ ಇನ್ನೂ ಸರಳ: ಪಂಪಿನ ನಳಿಗೆಯ ಬಾಯಿ ಒರೆಸಿ ಕಾಗದದ ಮೇಲೆ ಒಂದು ಹನಿ ಬಿಡುತ್ತಾರೆ. ಒಳ್ಳೆಯ ಪೆಟ್ರೋಲ್ ಎರಡು ನಿಮಿಷದಲ್ಲಿ ಕಲೆ ಉಳಿಸದೆ ಆರುತ್ತದೆ. ಸೀಮೆಎಣ್ಣೆಯಂಥದ್ದು ಬೆರೆತಿದ್ದರೆ ನಡುವೆ ಕಲೆ ಉಳಿಯುತ್ತದೆ. ಪೆಟ್ರೋಲಿಗೆ ಹಾಕಿದ ಬಣ್ಣದಿಂದ ತಿಳಿಗೆಂಪು ಛಾಯೆ ಉಳಿದರೆ ಅದು ಬೆರಕೆಯ ಗುರುತಲ್ಲ. ಈ ಪರೀಕ್ಷೆಗಳನ್ನು ಕೇಳುವ ಹಕ್ಕು ಪ್ರತಿಯೊಬ್ಬ ಗ್ರಾಹಕರಿಗೂ ಇದೆ. ಅನುಮಾನ ಬಂದರೆ ಸಂಕೋಚಪಡದೆ ಕೇಳಿ, ಬಿಲ್ಲನ್ನು ಮಾತ್ರ ತಪ್ಪದೆ ಪಡೆದುಕೊಳ್ಳಿ; ದೂರು ಕೊಡಬೇಕಾಗಿ ಬಂದರೆ ಅದೇ ಮೊದಲ ದಾಖಲೆ.